ಆ ನಂಬರಿಗೆ ದಿನಾ ಒಂದು ಕರೆ

ಬೆಳಗಿನ ಐದೂ ಮುಕ್ಕಾಲು. ಸಂಜೆಪತ್ರಿಕೆಯ ಕಚೇರಿಯ ಮೊದಲ ಮಹಡಿಯಲ್ಲಿ ಉರಿಯುತ್ತಿರುವುದು ಒಂದೇ ಟ್ಯೂಬ್‌ಲೈಟು. ಅದರ ಕೆಳಗಿನ ಮೇಜಿಗೆ ಬಂದು ಕೂತ ಹೆಂಗಸು ಕನ್ನಡಕ ಒರೆಸಿಕೊಳ್ಳುತ್ತಾರೆ, ಕೆಂಪು ಪೆನ್ನಿನ ಮುಚ್ಚಳ ತೆಗೆದಿಡುತ್ತಾರೆ. ತಿದ್ದಬೇಕಾದ ಪುಟಗಳು ಎದುರಿಗೇ ಇವೆ. ಅವನ್ನು ಮುಟ್ಟದೆ ಫೋನಿನ ರಿಸೀವರ್ ಎತ್ತಿಕೊಂಡು, ಬಾಯಿಪಾಠವಾಗಿರುವ ನಂಬರೊಂದನ್ನು ಒತ್ತುತ್ತಾರೆ. ಆ ಕಡೆ ರಿಂಗಾಗುತ್ತದೆ, ರಿಂಗಾಗುತ್ತಲೇ ಇರುತ್ತದೆ. ಯಾರೂ ಎತ್ತುವುದಿಲ್ಲ.

ಬದುಕೇ ಬೇಡ ಎನ್ನಿಸಿದವರು ಮನಸ್ಸು ಬಿಚ್ಚಿ ಮಾತಾಡಲೆಂದು ಇರುವ ಸಹಾಯವಾಣಿಯ ನಂಬರ್ ಅದು. ಹನ್ನೊಂದು ವರ್ಷಗಳಿಂದ ಈಕೆ ಕೆಲಸಕ್ಕೆ ಬಂದ ದಿನವೆಲ್ಲ ಮೊದಲು ಮಾಡುವ ಕರೆ ಇದೇ. "ಪೇಪರ್ ಆಫೀಸು" ಎಂದು ಇವರು ಹೇಳುತ್ತಾರೆ, "ಇದ್ದೀನಿ ಅಕ್ಕ" ಎಂದು ಆ ಕಡೆಯ ಕಾರ್ಯಕರ್ತೆ ಹೇಳುತ್ತಾಳೆ. ಅಷ್ಟಕ್ಕೆ ಮುಗಿಯಿತು. ಇಬ್ಬರೂ ಇವತ್ತಿನವರೆಗೆ ಒಬ್ಬರ ಮುಖ ಒಬ್ಬರು ನೋಡಿಲ್ಲ.

"ಇವತ್ತೇನಾಯ್ತೋ," ಎಂದು ರಿಸೀವರ್ ಇಡುವಾಗ ಅವರ ಮುಖ ಸಪ್ಪಗಾಗುತ್ತದೆ.

ಕಚೇರಿಯಲ್ಲಿ ಎಲ್ಲರೂ ಕರೆಯುವುದು ಕೆಂಪಕ್ಕ ಎಂದೇ. ಕೈಯಲ್ಲಿನ ಕೆಂಪು ಪೆನ್ನಿನಿಂದ ಬಂದ ಹೆಸರು. ವಯಸ್ಸು ಐವತ್ತೊಂಬತ್ತು. ಮೂವತ್ತೊಂದು ವರ್ಷಗಳಿಂದ ಪತ್ರಿಕೆಯ ಕರಡು ತಿದ್ದುತ್ತಿದ್ದಾರೆ. ಮೊದಲು ಈ ಕೋಣೆಯಲ್ಲಿ ಒಂಬತ್ತು ಜನ ಕೂರುತ್ತಿದ್ದರು; ಈಗ ಇವರೊಬ್ಬರೇ. ಉಳಿದ ಎಂಟು ಕುರ್ಚಿಗಳು ಒಂದರ ಮೇಲೊಂದು ಏರಿ ಮೂಲೆಯಲ್ಲಿವೆ. ದಿನಕ್ಕೆ ಹನ್ನೆರಡು ಪುಟ, ಹತ್ತೂವರೆಯೊಳಗೆ ಎಲ್ಲವೂ ಮುಗಿಯಬೇಕು. ಹನ್ನೊಂದಕ್ಕೆ ಕೆಳಗಿನ ಯಂತ್ರ ಶುರುವಾದರೆ ಮಹಡಿಯ ನೆಲವೆಲ್ಲ ಸಣ್ಣಗೆ ನಡುಗುತ್ತದೆ. ಮನೆಯಲ್ಲಿ ನಿವೃತ್ತ ಬಸ್ ಡ್ರೈವರ್ ಗಂಡ ನಾಲ್ಕೂವರೆಗೇ ಎದ್ದು ಕಾಫಿ ಮಾಡಿಕೊಡುತ್ತಾರೆ. ನಾದಿನಿಗೆ ಇವರನ್ನು ಕಂಡರೆ ತಮಾಷೆ. "ನಮ್ಮತ್ತಿಗೆ ಕೈಗೆ ಮದುವೆ ಕಾರ್ಡ್ ಕೊಟ್ರೆ ಹುಡುಗ ಯಾರು ಅಂತ ನೋಡಲ್ಲ, ತಪ್ಪೆಲ್ಲಿದೆ ಅಂತ ನೋಡ್ತಾಳೆ" ಎಂದು ಬಂದವರಿಗೆಲ್ಲ ಹೇಳಿ ನಗುತ್ತಾಳೆ.

ಏಳು ಗಂಟೆಗೆ ಮುಖಪುಟದ ಕರಡು ಬರುತ್ತದೆ. ಮಧ್ಯದಲ್ಲಿ ಹತ್ತೊಂಬತ್ತು ವರ್ಷದ ಕಾಲೇಜು ಹುಡುಗಿಯೊಬ್ಬಳ ದೊಡ್ಡ ಫೋಟೋ. ಪರೀಕ್ಷೆಯಲ್ಲಿ ಅಂಕ ಕಡಿಮೆ ಬಂದಿದ್ದಕ್ಕೆ ನೊಂದು ಆತ್ಮಹತ್ಯೆಗೆ ಶರಣು ಎಂದು ದಪ್ಪಕ್ಷರದ ತಲೆಬರಹ. ಕೆಳಗೆ ಹೇಗೆ, ಎಲ್ಲಿ, ಬರೆದಿಟ್ಟ ಪತ್ರದಲ್ಲಿ ಏನಿತ್ತು ಎಂಬುದೆಲ್ಲ ಇಂಚಿಂಚು. ಕೆಂಪಕ್ಕ ಪೂರ್ತಿ ಓದುತ್ತಾರೆ. ಮತ್ತೆ ಫೋನ್ ಮಾಡುತ್ತಾರೆ. ಈಗಲೂ ಬರೀ ರಿಂಗು.

ಈ ಫೋನಿನ ಅಭ್ಯಾಸದ ಹಿಂದೆ ಒಂದು ತಪ್ಪಿದೆ, ಅದೂ ತಮ್ಮದೇ ತಪ್ಪು ಎನ್ನುತ್ತಾರೆ ಅವರು. ಇಂಥ ಸುದ್ದಿಯ ಕೆಳಗೆ ಸಹಾಯವಾಣಿಯ ನಂಬರಿರುವ ಚೌಕವೊಂದನ್ನು ಪತ್ರಿಕೆ ಮೊದಲಿನಿಂದಲೂ ಹಾಕುತ್ತಿತ್ತು. ಕರಡು ತಿದ್ದುವವರು ಏನು ಮಾಡುತ್ತಾರೆ? ಹಳೆಯ ಪುಟ ಪಕ್ಕದಲ್ಲಿಟ್ಟುಕೊಂಡು ಅಂಕಿಗೆ ಅಂಕಿ ತಾಳೆ ನೋಡುತ್ತಾರೆ. ಕೆಂಪಕ್ಕನೂ ಎಂಟು ತಿಂಗಳು ಹಾಗೇ ತಾಳೆ ನೋಡಿದರು. ಒಂದಂಕಿಯೂ ತಪ್ಪಿರಲಿಲ್ಲ. ಆದರೆ ಆ ನಂಬರಿನ ಸಂಸ್ಥೆ ಬಾಗಿಲು ಹಾಕಿಯೇ ಎಂಟು ತಿಂಗಳಾಗಿತ್ತು.

ಒಂದು ದಿನ ಮಧ್ಯವಯಸ್ಸಿನ ಹೆಂಗಸೊಬ್ಬರು ಮಹಡಿ ಹತ್ತಿ ಬಂದು, ಪತ್ರಿಕೆಯಿಂದ ಕತ್ತರಿಸಿದ ಆ ಚೌಕವನ್ನು ಇದೇ ಮೇಜಿನ ಮೇಲಿಟ್ಟರು.

"ಜಗಳ ಆಡ್ಲಿಲ್ಲ ಅವರು. 'ಇದಕ್ಕೆ ನಾಲ್ಕು ಸಲ ಫೋನ್ ಮಾಡ್ದೆ, ಯಾರೂ ಎತ್ತಲಿಲ್ಲ' ಅಂದ್ರು. 'ಅಷ್ಟರಲ್ಲಿ ಪಕ್ಕದ ಮನೆಯವಳು ಇಸ್ಕೊಂಡಿದ್ದ ಕೊಡೆ ವಾಪಸ್ ಕೊಡೋಕೆ ಬಂದ್ಲು. ಬಂದವಳು ನನ್ನ ಮುಖ ನೋಡಿ ಕೂತ್ಲು, ಹೋಗಲೇ ಇಲ್ಲ. ಅದಕ್ಕೆ ಇವತ್ತು ನಿಮ್ಮ ಮುಂದೆ ಇದ್ದೀನಿ' ಅಂದ್ರು," ಎಂದು ಕೆಂಪಕ್ಕ ಹೇಳುತ್ತಾರೆ. ಕನ್ನಡಕ ತೆಗೆದು ಒರೆಸುತ್ತಾರೆ, ಅದು ಮಾಸಿರದಿದ್ದರೂ. "ಅಂಕಿ ಸರಿ ಇತ್ತು ನೋಡಿ. ಆ ಕಡೆ ಮನುಷ್ಯರೇ ಇರ್ಲಿಲ್ಲ. ಅದನ್ನ ನಾನು ಯಾವತ್ತೂ ನೋಡಿರ್ಲಿಲ್ಲ."

ಆಮೇಲೆ ವಾರವೆಲ್ಲ ಓಡಾಡಿ, ಯಾವ ಸಹಾಯವಾಣಿ ನಿಜಕ್ಕೂ ನಡೆಯುತ್ತಿದೆ ಎಂದು ವಿಚಾರಿಸಿ ಹೊಸ ನಂಬರ್ ತಂದರು. ಅಂಥ ಸುದ್ದಿ ಬರೆಯುವಾಗ ಏನು ಮಾಡಬೇಕು, ಏನು ಮಾಡಬಾರದು ಎಂಬುದನ್ನೂ ಅಲ್ಲಿಯವರಿಂದಲೇ ಕೇಳಿ ತಿಳಿದುಕೊಂಡರು. ತಿಳಿದದ್ದನ್ನು ಹೇಳಲು ಹೋದಾಗ ಕಚೇರಿ ಕಿವಿಗೊಡಲಿಲ್ಲ. ಕಾಗುಣಿತ ನೋಡುವ ಹೆಂಗಸು ಸುದ್ದಿ ಹೇಗಿರಬೇಕೆಂದು ಪಾಠ ಹೇಳುವುದೇ ಎಂದು ಗೊಣಗಿದವರೇ ಹೆಚ್ಚು.

ಆದರೆ ಕೆಂಪಕ್ಕನ ಕೈಯಲ್ಲಿ ಒಂದು ಹಿಡಿತವಿತ್ತು. ಕರಡು ತಿದ್ದಿದವರ ಸಹಿಯಿಲ್ಲದೆ ಯಾವ ಪುಟವೂ ಕೆಳಗಿನ ಯಂತ್ರಕ್ಕೆ ಇಳಿಯುವಂತಿಲ್ಲ ಎಂಬುದು ಪತ್ರಿಕೆ ಹುಟ್ಟಿದಂದಿನಿಂದ ಬಂದ ನಿಯಮ. ಇವರು ಸುಮ್ಮನೆ ಸಹಿ ಮಾಡದೆ ಕೂತರು. ಬೈದರೂ ಕೂತರು.

ಇವತ್ತೂ ಹಾಗೇ ಕೂತಿದ್ದಾರೆ. ಎಂಟು ಗಂಟೆಗೆ ಸುದ್ದಿ ಸಂಪಾದಕರು ಬರುತ್ತಾರೆ. ಮಾತಿಗೊಮ್ಮೆ ಗಂಟೆ ಎಷ್ಟೆಂದು ಹೇಳುವ ಅವರಿಗೆ ಹುಡುಗರಿಟ್ಟ ಹೆಸರು ಗಡಿಯಾರ. ಹೊಸದಾಗಿ ಬಂದವರು, ಕೆಟ್ಟವರಲ್ಲ, ಅವಸರದವರು.

"ಎಂಟಾಯ್ತು. ಮುಖಪುಟ ಎಲ್ಲಿ?"

ಕೆಂಪಕ್ಕ ಪುಟ ತಿರುಗಿಸಿ ತೋರಿಸುತ್ತಾರೆ. ಹೇಗೆ, ಎಲ್ಲಿ ಎಂಬುದರ ಮೇಲೆ ಕೆಂಪು ಗೆರೆ. ಪತ್ರದ ಸಾಲುಗಳ ಮೇಲೆ ಗೆರೆ. ಫೋಟೋದ ಮೇಲೂ ಗೆರೆ. ತಲೆಬರಹದಲ್ಲಿ ಉಳಿದದ್ದು ಕಾಲೇಜು ವಿದ್ಯಾರ್ಥಿನಿಯ ಸಾವು, ಇಷ್ಟೇ. ಪಕ್ಕದಲ್ಲಿ 'ಐದನೇ ಪುಟಕ್ಕೆ' ಎಂದು ಬರೆದಿದ್ದಾರೆ.

"ಶರಣು ಯಾಕೆ ತೆಗೆದ್ರಿ? ಮೂವತ್ತು ವರ್ಷದಿಂದ ಎಲ್ಲರೂ ಬರೆಯೋದು ಹಾಗೇ."

"ಶರಣು ಅನ್ನೋದು ದೊಡ್ಡವರಿಗೆ ಸರ್. ಇದಕ್ಕೆ ಯಾಕೆ ಆ ಗೌರವ?"

"ಅಂಕ ಕಡಿಮೆ ಬಂದಿದ್ದು ನಿಜ ತಾನೆ?"

"ನಿಜ ಇರ್ಬಹುದು. ಆದ್ರೆ ಆ ಮಗುವಿನ ಮನಸ್ಸಲ್ಲಿ ಇನ್ನೇನೇನಿತ್ತೋ ನಮಗೆ ಗೊತ್ತಾ? ಇವತ್ತು ಅಷ್ಟೇ ಅಂಕ ಬಂದಿರೋ ಮಕ್ಕಳು ಎಷ್ಟು ಮನೇಲಿದ್ದಾರೆ ಸರ್. ಅವರೂ ನಮ್ಮ ಪೇಪರ್ ಓದ್ತಾರೆ."

ಗಡಿಯಾರ ಪುಟವನ್ನು ತಮ್ಮ ಕಡೆಗೆ ಎಳೆದುಕೊಂಡು ಮತ್ತೊಮ್ಮೆ ಓದುತ್ತಾರೆ. ಅವರ ಮನೆಯಲ್ಲೂ ಪರೀಕ್ಷೆ ಬರೆದ ಮಗಳಿದ್ದಾಳೆ. "ಆಯ್ತು, ಐದನೇ ಪುಟ. ಸಹಿ ಹಾಕಿ."

"ಹಾಕಲ್ಲ ಸರ್. ಫೋನ್ ಎತ್ತುತ್ತಿಲ್ಲ."

ಒಂಬತ್ತಾಗುತ್ತದೆ. ಒಂಬತ್ತೂವರೆ. ಹನ್ನೊಂದು ಪುಟಗಳು ಸಹಿ ಪಡೆದು ಕೆಳಗಿಳಿದಿವೆ. ಐದನೆಯದು ಮಾತ್ರ ಮೇಜಿನ ಮೇಲೇ ಇದೆ. ಚೌಕ ತೆಗೆದು ಹಾಕಿ ಎಂದು ಗಡಿಯಾರ ಹೇಳಿ ನೋಡುತ್ತಾರೆ. ನಂಬರಿಲ್ಲದೆ ಸುದ್ದಿ ಹೋಗುವುದಿಲ್ಲ ಎನ್ನುತ್ತಾರೆ ಕೆಂಪಕ್ಕ. ಹಾಗಾದರೆ ಚೌಕ ಇರಲಿ ಬಿಡಿ ಎಂದರೆ, ಎತ್ತದ ನಂಬರ್ ಕೊಡುವುದಿಲ್ಲ ಎನ್ನುತ್ತಾರೆ. ಕೆಳಗಿನಿಂದ ಮುದ್ರಣದವರು ಎರಡು ಸಲ ಕೂಗುತ್ತಾರೆ. ಕೆಂಪಕ್ಕ ಆರನೇ ಸಲ ಆ ಅಂಕಿಗಳನ್ನು ಒತ್ತುತ್ತಾರೆ. ಹನ್ನೊಂದು ವರ್ಷದ ಹಿಂದಿನ ಕೊಡೆಯ ಕತೆಯೇ ಅವರ ತಲೆಯಲ್ಲಿ ಓಡುತ್ತಿದೆ ಎಂದು ನೋಡಿದವರಿಗೆ ಹೇಳಬೇಕಿಲ್ಲ.

ಹತ್ತಕ್ಕೆ ಐದು ನಿಮಿಷವಿರುವಾಗ ಆ ಕಡೆ ಯಾರೋ ಎತ್ತುತ್ತಾರೆ.

"ಪೇಪರ್ ಆಫೀಸು."

"ಇದ್ದೀನಿ ಅಕ್ಕ. ಇದ್ದೀನಿ." ದನಿ ಒಡೆದುಹೋಗಿದೆ. "ಬೆಳಗ್ಗೆ ಒಬ್ಬಳೇ ಇರೋದು. ಇನ್ನೊಂದು ಫೋನಲ್ಲಿ ಒಬ್ಬರು ಮಾತಾಡ್ತಿದ್ರು, ಬಿಟ್ಟು ಎದ್ದು ಬರೋಕಾಗ್ಲಿಲ್ಲ. ನಾಲ್ಕು ಗಂಟೆ ಆಯ್ತು."

"ಈಗ ಹೇಗಿದ್ದಾರೆ?"

"ಅವರಕ್ಕ ಬಂದ್ರು ಮನೆಗೆ. 'ತಿಂಡಿ ತಿಂತೀನಿ' ಅಂತ ಅವರೇ ಹೇಳಿ ಫೋನ್ ಇಟ್ರು."

ಕೆಂಪಕ್ಕ ಕಣ್ಣು ಮುಚ್ಚಿಕೊಳ್ಳುತ್ತಾರೆ. "ಒಳ್ಳೇದಾಯ್ತು. ಇವತ್ತು ನಮ್ಮಲ್ಲೊಂದು ಸುದ್ದಿ ಇದೆಯಮ್ಮ. ಹತ್ತೊಂಬತ್ತು ವರ್ಷ. ಒಂದು ಗಂಟೆಗೆ ಪೇಪರ್ ಬೀದಿಗೆ ಬರುತ್ತೆ."

"ಸರಿ ಅಕ್ಕ. ಇನ್ನಿಬ್ಬರನ್ನ ಕರೆಸ್ತೀನಿ."

ಚೌಕದ ಪಕ್ಕ ಒಂದು ಸಣ್ಣ ಗುರುತು, ಪುಟದ ಬುಡದಲ್ಲಿ ಸಹಿ. ಹತ್ತೂ ಹತ್ತಕ್ಕೆ ಐದನೇ ಪುಟ ಕೆಳಗಿಳಿಯುತ್ತದೆ.

ಇನ್ನು ನಾಲ್ಕು ತಿಂಗಳಿಗೆ ಕೆಂಪಕ್ಕನ ನಿವೃತ್ತಿ. ಆ ಜಾಗಕ್ಕೆ ಯಾರನ್ನೂ ತೆಗೆದುಕೊಳ್ಳುವುದಿಲ್ಲವಂತೆ, ತಪ್ಪು ಹಿಡಿಯಲು ಕಂಪ್ಯೂಟರ್ ಸಾಕಂತೆ. ಅದರ ಬಗ್ಗೆ ಅವರಿಗೆ ಸಿಟ್ಟಿಲ್ಲ. "ತಪ್ಪು ಅದೂ ಹಿಡಿಯುತ್ತೆ, ನನಗಿಂತ ಚೆನ್ನಾಗಿ ಹಿಡಿಯುತ್ತೇನೋ. ಬೆಳಗ್ಗೆ ಒಂದು ಫೋನ್ ಮಾಡಿ, ಆ ಕಡೆ ಒಂದು ಜೀವ ಇದೆಯಾ ಅಂತ ಕೇಳೋರು ಒಬ್ಬರು ಬೇಕು. ನನಗೆ ಬೇರೇನೂ ಆಸೆ ಇಲ್ಲ," ಎನ್ನುತ್ತಾರೆ. ಇವರ ಚೌಕ ನೋಡಿ ಬದುಕುಳಿದವರು ಯಾರಾದರೂ ಬಂದು ಹೇಳಿದ್ದುಂಟೇ ಎಂದು ಕೇಳಿದರೆ ಇಲ್ಲವೆಂದು ತಲೆಯಾಡಿಸುತ್ತಾರೆ. "ಯಾಕೆ ಹೇಳ್ತಾರೆ? ಉಳಿದವರ ಸುದ್ದಿ ಪೇಪರಿಗೆ ಬರಲ್ಲ. ಅವರು ಮನೇಲಿರ್ತಾರೆ. ಇರ್ಲಿ."

ಹನ್ನೊಂದಕ್ಕೆ ನೆಲ ನಡುಗತೊಡಗುತ್ತದೆ. ಹೊರಡಲು ಚೀಲ ಎತ್ತಿಕೊಂಡ ಕೆಂಪಕ್ಕನ ಮೇಜಿನ ಬಳಿ ಗಡಿಯಾರ ಬಂದು ನಿಲ್ಲುತ್ತಾರೆ. ಮೊದಲ ಸಲ ಗಂಟೆ ಎಷ್ಟೆಂದು ಹೇಳುವುದಿಲ್ಲ, ಕೇಳುತ್ತಾರೆ.

"ಆ ಫೋನು, ದಿನಾ ಎಷ್ಟು ಹೊತ್ತಿಗೆ ಮಾಡ್ತೀರಿ?"

"ಐದೂ ಮುಕ್ಕಾಲಿಗೆ ಸರ್."

"ಅಷ್ಟು ಬೇಗ ಏಳೋಕಾಗಲ್ಲ ನನಗೆ." ತಲೆ ಕೆರೆದುಕೊಳ್ಳುತ್ತಾರೆ. "ನೀವು ಹೋದ್ಮೇಲೆ, ಏಳಕ್ಕೆ ಮಾಡಿದ್ರೆ ಆಗುತ್ತಾ?"

"ಆಗುತ್ತೆ," ಎನ್ನುತ್ತಾರೆ ಕೆಂಪಕ್ಕ. "ಅವರು ಇರ್ತಾರೆ."