ತೊಗಲುಗೊಂಬೆಯವರ ಈಜಿಪ್ಟ್ ಪಾಠ

"ಅವ್ರಿಗೆ ಬರಿಯಕ್ಕೆ ಬರ್ತಿರ್ಲಿಲ್ಲ ಅಂತ ಮಾತ್ರ ಅನ್ಬೇಡಿ ಮೇಷ್ಟ್ರೇ!"

ತರಗತಿಯ ಬಾಗಿಲಿನಿಂದ ಬಂದ ಮಾತಿಗೆ ಸೀಮೆಸುಣ್ಣ ಹಿಡಿದ ನನ್ನ ಕೈ ಅಲ್ಲೇ ನಿಂತಿತು. ತೊಂಬತ್ತರ ದಶಕದಲ್ಲಿ ನಾನು ನಿಟ್ಟೂರಿನ ಹೈಸ್ಕೂಲೊಂದರಲ್ಲಿ ಇತಿಹಾಸ ಕಲಿಸುತ್ತಿದ್ದೆ. ಅಂದು ಪುಸ್ತಕದಲ್ಲಿದ್ದ ಪ್ರಾಚೀನ ಈಜಿಪ್ಟಿನ ಚಿತ್ರವೊಂದನ್ನು ತೋರಿಸಿ, "ನೋಡಿ, ಆಳುಗಳು ರಾಜನ ಮೊಣಕಾಲಿಗೂ ಬರಲ್ಲ. ಮುಖ ಪಕ್ಕಕ್ಕೆ, ಕಣ್ಣು ಮಾತ್ರ ಎದುರಿಗೆ. ಪಾಪ, ಅವರಿಗೆ ಅಳತೆಯೇ ಗೊತ್ತಿರಲಿಲ್ಲ" ಎಂದು ಮಕ್ಕಳನ್ನು ನಗಿಸಿದ್ದೆ.

ಬಾಗಿಲಲ್ಲಿದ್ದವರು ನನ್ನ ವಿದ್ಯಾರ್ಥಿನಿ ಲಕ್ಷ್ಮಿಯ ಅಪ್ಪ, ತೊಗಲುಗೊಂಬೆ ಆಡಿಸುವವರು. ಮಗಳನ್ನು ಶಾಲೆ ಬಿಡಿಸಿ ಮೇಳದ ಜೊತೆ ಕರೆದೊಯ್ಯಬೇಕೆಂದು ಟಿ.ಸಿ. ಕೇಳಲು ಬಂದಿದ್ದರು. ಒಳಗೆ ಕರೆದೆ.

"ನಮ್ ರಾವಣನ್ನೂ ಹಿಂಗೇ ಮಾಡೋದು. ದೊರೆ ದೊಡ್ಡೋನು, ಸೇವಕ ಚಿಕ್ಕೋನು. ನೋಡ್ದೇಟ್ಗೇ ಯಾರು ಯಾರು ಅಂತ ಗೊತ್ತಾಗ್ಬೇಕು. ಮೂಗು ಪಕ್ಕದಿಂದ ಚೆಂದ, ಕಣ್ಣು ಎದುರಿಂದ ಚೆಂದ. ಗೊತ್ತಿದ್ದೇ ಹಂಗೆ ಬರೆದವ್ರೆ!"

ಮಕ್ಕಳು ನಗು ನಿಲ್ಲಿಸಿದ್ದರು. ನಾನು ಪುಸ್ತಕವನ್ನು ಅವರ ಕೈಗೆ ಕೊಟ್ಟೆ. ಅವರು ಚಿತ್ರವನ್ನು ಬೆರಳಲ್ಲಿ ಸವರಿದರು. ಆಮೇಲೆ ಮಗಳ ಕಡೆ ನೋಡಿ, "ನಮ್ ಕಸುಬು ಪುಸ್ತಕದಲ್ಲೂ ಐತೆ ಅಂದ್ಮೇಲೆ ಇವ್ಳು ಓದ್ಲಿ ಬುಡಿ" ಎಂದವರೇ ಟಿ.ಸಿ. ಮಾತೆತ್ತದೆ ಹೊರಟುಹೋದರು.

ಅದೇ ವಾರ ಲಕ್ಷ್ಮಿ ಆ ದಿನದ ಚಿತ್ರ ಬರೆದು ತಂದುಕೊಟ್ಟಳು. ಅವಳ ಅಪ್ಪ ಹಾಳೆಯ ತುಂಬ ನಿಂತಿದ್ದರು. ಸೀಮೆಸುಣ್ಣ ಹಿಡಿದ ನಾನು ಅವರ ಮೊಣಕಾಲಿನ ಹತ್ತಿರವಿದ್ದೆ. ಆ ಹಾಳೆ ಇವತ್ತಿಗೂ ನನ್ನ ಬೀರುವಿನಲ್ಲಿದೆ. ಅಳತೆಯಲ್ಲಿ ಒಂದಿಷ್ಟೂ ತಪ್ಪಿಲ್ಲ.