ಸ್ವಂತ ಎಲೆಯಡಿಕೆಯ ಮೇಷ್ಟ್ರು

ಲೊಕ್ಕನಹಳ್ಳಿಯಲ್ಲಿ ನ್ಯಾಯಕ್ಕೆ ಕೂತಾಗ ಯಾರ ತಟ್ಟೆಯ ಎಲೆಯಡಿಕೆ ಮುಟ್ಟಿದರೂ ಅವರ ಕಡೆಯವರಾದಂತೆ. ಅದಕ್ಕೇ ಶಿವಮಲ್ಲಪ್ಪ ಮೇಷ್ಟ್ರು ಎಲ್ಲಿಗೆ ಹೋದರೂ ಸ್ವಂತ ಎಲೆಯಡಿಕೆ ಚೀಲ ಒಯ್ಯುತ್ತಾರೆ. ಅದನ್ನು ತುಂಬಿಕೊಡುವವರು ಹೆಂಡತಿ ಚನ್ನಮಲ್ಲಮ್ಮ.

ಮೇಷ್ಟ್ರು ಹನೂರಿನ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸಿ ನಿವೃತ್ತರಾದವರು. ಭಾರತದ ಅಲಿಪ್ತ ನೀತಿ ಅವರಿಗೆ ಪಾಠವಲ್ಲ, ವ್ರತ. ಆಗತಾನೇ ಸ್ವತಂತ್ರವಾದ ಬಡ ದೇಶವೊಂದು ಅಮೆರಿಕದ ಬಣವೂ ಬೇಡ, ರಷ್ಯಾದ ಬಣವೂ ಬೇಡ ಎಂದು ನೆಟ್ಟಗೆ ನಿಂತ ಕತೆ ಹೇಳುವಾಗ ತಾವೂ ತುಸು ಎತ್ತರವಾಗುತ್ತಿದ್ದರಂತೆ. ಊರಿನ ಎರಡು ಪಾರ್ಟಿಗಳಲ್ಲಿ ಯಾವುದಕ್ಕೂ ಅಂಟಿಕೊಂಡವರಲ್ಲ. ಈ ಅಲಿಪ್ತರಿಗೆ ಲೇಪವಾದದ್ದು ಸುಣ್ಣ ಮಾತ್ರ, ಅದೂ ಬೆರಳ ತುದಿಗೆ.

ಹೋದ ವರ್ಷ ವ್ರತಕ್ಕೆ ಭಂಗ ಬಂತು. ಅವರ ಹಳೆಯ ಶಿಷ್ಯ, ಒಡೆಯರಪಾಳ್ಯದ ಟಿಬೆಟನ್ ರೈತ ಪಾಸಾಂಗ್, ತನ್ನ ಮುಸುಕಿನ ಜೋಳವನ್ನು ಬಸವಕುಮಾರನ ದನಗಳು ಮೇಯ್ದವೆಂದು ದೂರಿದ. ಬಸವಕುಮಾರ ಅದನ್ನು ಆನೆಯ ತಲೆಗೆ ಕಟ್ಟಿದ. ಈ ಬಸವಕುಮಾರ ಚನ್ನಮಲ್ಲಮ್ಮನವರ ಒಬ್ಬನೇ ತಮ್ಮ. ಅಂದು ಬೆಳಿಗ್ಗೆ ವಾಕಿಂಗ್ ಹೋಗಿದ್ದ ಮೇಷ್ಟ್ರು ಆ ದನಗಳು ಜೋಳದ ಹೊಲದಿಂದ ಹೊರಬರುವುದನ್ನು ಕಣ್ಣಾರೆ ಕಂಡಿದ್ದರು.

ಡೈರಿ ಮುಂದೆ ನ್ಯಾಯ ಸೇರಿತು. ವಲಸೆ ಬಂದವನು ಊರಿನವರ ಮೇಲೆ ಸುಳ್ಳು ಹೇಳುತ್ತಿದ್ದಾನೆ ಎಂದು ತೀರ್ಮಾನವಾಗುವುದರಲ್ಲಿತ್ತು. ಮೇಷ್ಟ್ರನ್ನು ಕೇಳಿದರು. ಅವರು ಚೀಲ ಬಿಚ್ಚುತ್ತಾ ತಾವು ಅಲಿಪ್ತರೆಂದರು.

ಪಾಸಾಂಗ್ ಕ್ಲಾಸಿನಲ್ಲಿ ನಿಲ್ಲುವಂತೆ ಕೈಕಟ್ಟಿ ನಿಂತ. "ಸಾ, ದಕ್ಷಿಣ ಆಫ್ರಿಕಾದಲ್ಲಿ ಕರಿಯರ್ನ ತುಳೀವಾಗ ನಮ್ ಇಂಡಿಯಾ ಅದು ತಪ್ಪು ಅಂತ ಎದ್ದು ನಿಂತು ಯೇಳ್ತು ಅಂತ ನೀವೇ ಪಾಠ ಮಾಡಿದ್ರಿ. ಅಲಿಪ್ತ ಅಂದ್ರೆ ಸುಮ್ಕಿರಾದು ಅಂತ ಬರ್ದಿದ್ದಕ್ಕೆ ನಂಗೆ ಸೊನ್ನೆ ಕೊಟ್ಟಿದ್ರಿ."

ಮೇಷ್ಟ್ರ ಕೈಯ ಎಲೆ ಸುಣ್ಣ ಕಾಣದೆ ಉಳಿಯಿತು. ಬಾಮೈದನ ಕಡೆ ತಿರುಗಿದರು.

"ದನ ನಿಂದೇ ಕಣ್ಲಾ ಬಸ್ವ. ನಾನೇ ಕಂಡಿವ್ನಿ. ಪಾಪ, ಆನೆ ಮ್ಯಾಕ್ ಯಾಕ್ಲಾ ಆಕ್ತೀಯ?"

ಬಸವಕುಮಾರ ನೆಲ ನೋಡುತ್ತಾ ಒಪ್ಪಿಕೊಂಡ. ಮೇಷ್ಟ್ರು ತಮ್ಮ ಚೀಲದಿಂದಲೇ ಇಬ್ಬರಿಗೂ ಎಲೆಯಡಿಕೆ ಕೊಟ್ಟರು. ಇಬ್ಬರೂ ತೆಗೆದುಕೊಂಡರು, ಬಸವಕುಮಾರ ಮಾತ್ರ ಮುಖ ತಿರುಗಿಸಿ ಅಗಿದ.

ಮನೆಗೆ ಬಂದರೆ ಚನ್ನಮಲ್ಲಮ್ಮ ರಾಜತಾಂತ್ರಿಕ ಸಂಬಂಧ ಕಡಿದುಕೊಂಡಿದ್ದರು. ಊಟ ಬಡಿಸಿದರು, ಮಾತು ಬಡಿಸಲಿಲ್ಲ. ಈಗ ಮಾತು ಮರಳಿದೆ. ಆದರೆ ಚೀಲ ಮೊಳೆಯಲ್ಲಿ ಖಾಲಿ ನೇತಾಡುತ್ತಿದೆ. ಊಟವಾದ ಮೇಲೆ ಮೇಷ್ಟ್ರು ಹೆಂಡತಿಯ ಎಲೆಯಡಿಕೆ ತಟ್ಟೆಯ ಮುಂದೆ ಕೂತು, ಒಂದು ಎಲೆಗಾಗಿ ಕೈ ಚಾಚುತ್ತಾರೆ.