ಪ್ಯಾನ್ ಕಾರ್ಡಿನ ಚಂಪಾ

ಒಂದೇ ವಾರದಲ್ಲಿ ಮೂರನೆಯ ಸಲ, ಚಂಪಾ ಸುವರ್ಣ ಎಂಬುವಳು ಚಂಪಾ ಸುವರ್ಣ ಅಲ್ಲವೆಂದು ಫೋನು ಹೇಳಿತು.

ಕೆಂಪಕ್ಷರದ ಸಂದೇಶವನ್ನು ಮಗಳು ಅಶ್ಮಿತಾ ಓದಿ ಹೇಳಿದಳು. "ಸೈನ್ ಮ್ಯಾಚ್ ಆಗ್ತಿಲ್ಲ ಅಂತೆ. ಅಮ್ಮಾ, ನೀನು ಠೀಕ್ ಸೇ ಮಾಡ್ತಾ ಇಲ್ಲ."

"ನನ್ನ ಸಹಿಯನ್ನು ನಾನೇ ತಪ್ಪು ಮಾಡ್ಲಿಕ್ಕೆ ಉಂಟಾ?"

ಚಂಪಾಳ ಸಹಿ ಎಂದರೆ ಕನ್ನಡದ ಎರಡು ಅಕ್ಷರ, ನಡುವೆ ಒಂದು ಸೊನ್ನೆ. ಕಾಪುವಿನ ಶಾಲೆಯಲ್ಲಿ ಬರೆಯುತ್ತಿದ್ದ ಹಾಗೆಯೇ, ದುಂಡಗೆ. ಮದುವೆಯಾಗಿ ಡೊಂಬಿವಲಿಗೆ ಬಂದು ಇಪ್ಪತ್ತೈದು ವರ್ಷವಾದರೂ ಅದು ಬದಲಾಗಿರಲಿಲ್ಲ. ಸವೆಯುವಷ್ಟು ಸಲ ಅದನ್ನು ಯಾರೂ ಕೇಳಿಯೂ ಇರಲಿಲ್ಲ. ಮಗಳ ಪ್ರಗತಿಪತ್ರಕ್ಕೆ ಗಂಡ ಸರ್ವೋತ್ತಮನ ಸಹಿ, ಕಟ್ಟಡದ ಸೊಸೈಟಿಯ ಕಾಗದಕ್ಕೆ ಅವನದು, ಆಸ್ಪತ್ರೆಯಲ್ಲಿ ಅವಳ ಹೊಟ್ಟೆ ಕೊಯ್ಯುವಾಗಲೂ ಅವನದು. ಅವಳದು ಸಹಕಾರಿ ಬ್ಯಾಂಕಿನ ಜಂಟಿ ಖಾತೆಗೆ ಒಮ್ಮೆ ಬಿದ್ದದ್ದು, ಆಮೇಲೆ ಗ್ಯಾಸಿನವನ ಚೀಟಿಗೆ ತಿಂಗಳಿಗೊಮ್ಮೆ.

ಆ ಸರ್ವೋತ್ತಮ ಈಗ ಇಲ್ಲ. 2016ರಲ್ಲಿ ಒಂದು ಬೆಳಿಗ್ಗೆ, ಕಳಂಬೋಲಿಯ ಕಬ್ಬಿಣದ ಬಜಾರಿನ ಕಚೇರಿಗೆ ಹೊರಟವನು ದಿವಾ ಸ್ಟೇಷನ್ನಿನ ಮೆಟ್ಟಿಲ ಮೇಲೆ ಎದೆ ಹಿಡಿದು ಕೂತ, ಏಳಲಿಲ್ಲ. ಅದಾಗಿ ಮೂರು ವರ್ಷ. ಅವನಿರುವಾಗ ಕೈಖರ್ಚಿಗೆಂದು ಶುರುಮಾಡಿದ್ದ ದೋಸೆ ಹಿಟ್ಟಿನ ವ್ಯಾಪಾರವೇ ಚಂಪಾಳನ್ನು ನಡೆಸಿತು. ಅಕ್ಕಪಕ್ಕದ ನಾಲ್ಕು ಕಟ್ಟಡಗಳ ಮರಾಠಿ ಮನೆಗಳಿಗೆ ಬೆಳಿಗ್ಗೆ ಏಳರೊಳಗೆ 'ಸುವರ್ಣ ಕಾಕೂ'ವಿನ, ಎಂದರೆ ಸುವರ್ಣ ಚಿಕ್ಕಮ್ಮನ, ಹಿಟ್ಟು ತಲುಪಬೇಕು. ಅದರಿಂದ ಉಳಿದದ್ದು ಬ್ಯಾಂಕಿನಲ್ಲಿ ಎಫ್‌ಡಿಯಾಗಿ ಕೂರುತ್ತಿತ್ತು. ಮಹಾಪೆಯ ಕಂಪನಿಯಲ್ಲಿ ಕೆಲಸಕ್ಕೆ ಸೇರಿದ ಅಶ್ಮಿತಾಗೆ ಅದು ಸರಿಬರಲಿಲ್ಲ.

"ಎಫ್‌ಡಿ ಅಂದ್ರೆ ಪೈಸಾ ಫ್ರಿಜ್‌ನಲ್ಲಿ ಇಟ್ಟ ಹಾಗೆ, ಅಮ್ಮಾ."

"ಒಳ್ಳೆಯದೇ ಅಲ್ವಾ? ಹುಳಿ ಬರುವುದಿಲ್ಲ."

"ಔರ್ ಉಬ್ಬೋದೂ ಇಲ್ಲ. ನೀನೇ ಹೇಳ್ತೀ, ಹಿಟ್ಟು ಹೊರಗೆ ಇಟ್ರೇ ಉಬ್ಬೋದು ಅಂತ."

ಚಂಪಾ ಫೋನು ತಂದು ಮಗಳ ಕೈಗೆ ಕೊಟ್ಟಳು. ಹೀಗೆ ಶೇರು ಕೊಳ್ಳುವ ಆ್ಯಪು ಅವಳ ಫೋನಿಗೆ ಬಂತು. ತಿಂಗಳಿಗೆ ಎರಡು ಸಾವಿರ, ತನ್ನ ಹೆಸರಿನಲ್ಲಿ, ತಾನೇ ಬಟನ್ ಒತ್ತಿ ಕೊಂಡದ್ದು. ಅವಳಿಗೆ ಬೇಕಾದದ್ದು ಅಷ್ಟೇ. ಹೆಸರು, ಹುಟ್ಟಿದ ತಾರೀಕು, ವಿಳಾಸ ಎಲ್ಲವನ್ನೂ ಅಶ್ಮಿತಾ ತುಂಬಿದಳು. ಉದ್ಯೋಗ ಎಂದಲ್ಲಿ 'ಹೌಸ್‌ವೈಫ್' ಒತ್ತಿದಳು.

"ಅದರಲ್ಲಿ ಬಿಸಿನೆಸ್ ಅಂತ ಇಲ್ವಾ?"

"ಉಂಟು. ಲೇಕಿನ್ ಪ್ರೂಫ್ ಕೇಳ್ತಾರೆ."

"ಪ್ರೂಫ್ ಬೇಕಾದವರು ಬೆಳಿಗ್ಗೆ ನಾಲ್ಕಕ್ಕೆ ಬರ್ಲಿ. ಅರೆಯುವಾಗ ನೋಡಿಕೊಂಡು ಹೋಗ್ಲಿ."

ಅಶ್ಮಿತಾ ನಕ್ಕಳು. ಹೌಸ್‌ವೈಫ್ ಹಾಗೇ ಉಳಿಯಿತು. ಕೊನೆಗೆ ಬಿಳಿ ಹಾಳೆಯ ಮೇಲೆ ಸಹಿ ಮಾಡಿ ಫೋಟೋ ಕಳಿಸಬೇಕಿತ್ತು. ಅಲ್ಲಿಂದಲೇ ತೊಡಕು.

ಮೂರನೆಯ ಸಲದ ಸಂದೇಶದ ಕೆಳಗೆ ಒಂದು ಫೋನ್ ನಂಬರಿತ್ತು. ಕರೆ ಮಾಡಿದಾಗ ಆ ಕಡೆಯಿಂದ ಆ್ಯಪಿನ ಕಂಪನಿಯ ಮುರಾರಿ ಎಂಬ ಹುಡುಗ ಹಿಂದಿಯಲ್ಲಿ, ಬಹಳ ತಾಳ್ಮೆಯಿಂದ ಹೇಳಿದ. ನಿಮ್ಮ ಸಹಿ ಪ್ಯಾನ್ ಕಾರ್ಡಿನ ಸಹಿಗೆ ಹೊಂದುತ್ತಿಲ್ಲ. ನಿಮ್ಮ ಹೆಸರಲ್ಲಿ ಶೇರು ಇಡುವ ಹಳೆಯ ಡಿಮ್ಯಾಟ್ ಖಾತೆಯೂ ಒಂದಿದೆ. ಅಲ್ಲೂ ಪ್ಯಾನಿನದ್ದೇ ಸಹಿ.

"ನನ್ನದು ಯಾವುದೂ ಇಲ್ಲ. ಇದೇ ಪಹಲಾ" ಎಂದಳು ಚಂಪಾ.

"ನಹೀ ಮೇಡಮ್. ಆಪ್ ತೋ ಬಹುತ್ ಪುರಾನೇ ಇನ್ವೆಸ್ಟರ್ ಹೋ."

ಪ್ಯಾನ್ ಕಾರ್ಡು ಗಂಡನ ಹಸಿರು ಫೈಲಿನಿಂದ ಬಂದದ್ದು. ಕಾರ್ಡನ್ನು ಅವಳು ನೋಡಿರಲಿಲ್ಲ ಎಂದಲ್ಲ. ಅದರಲ್ಲಿನ ತನ್ನ ಫೋಟೋವನ್ನಷ್ಟೇ ನೋಡಿದ್ದಳು. ಈಗ ಕನ್ನಡಕ ಹಾಕಿ ಕೆಳಗೆ ನೋಡಿದಳು. ಇಂಗ್ಲಿಷಿನಲ್ಲಿ ಒಂದು ಸಹಿ. ಮೊದಲಕ್ಷರ ಕುಡುಗೋಲಿನಂತೆ ಬಾಗಿದೆ. ಕೊನೆಯಕ್ಷರದ ಬಾಲ ಹಿಂದಕ್ಕೆ ತಿರುಗಿ ಹೆಸರಿನ ಅಡಿಯಲ್ಲಿ ಗೆರೆಯಾಗಿದೆ.

ಅಶ್ಮಿತಾ ಕಾರ್ಡನ್ನು ಕೈಗೆತ್ತಿಕೊಂಡು ಬೆಳಕಿಗೆ ಹಿಡಿದಳು. "ಈ ಬಾಲ ಪಪ್ಪನದು" ಎಂದಳು. "ನನ್ನ ರಿಪೋರ್ಟ್ ಕಾರ್ಡ್ ಮೇಲೆಲ್ಲ ಇದೇ ಇರ್ತಿತ್ತು."

ಮರುದಿನ ಮಧ್ಯಾಹ್ನ ಅಕ್ಕಿ ಉದ್ದು ನೆನೆಹಾಕಿದ ಮೇಲೆ ಚಂಪಾ ಫೈಲನ್ನು ಪೂರ್ತಿ ಬಿಚ್ಚಿದಳು. ತಳದಲ್ಲಿ ಅವಳ ಹೆಸರಿಗೆ ಬಂದ ಕಾಗದಗಳಿದ್ದವು, 2005ರಿಂದ 2007ರ ತನಕ. ಹೊಸ ಕಂಪನಿಗಳು ಶೇರು ಹಂಚುತ್ತಿದ್ದ ಕಾಲ. ಅರ್ಜಿ ಹಾಕಿದವರಲ್ಲಿ ಚೀಟಿ ಎತ್ತಿ ಕೊಡುತ್ತಿದ್ದರು. ಒಬ್ಬನಿಗೆ ಒಂದೇ ಅರ್ಜಿ. ಹಾಗಾಗಿ ಕಳಂಬೋಲಿಯ ಕಚೇರಿಯಲ್ಲಿ ಎಲ್ಲರೂ ಹೆಂಡತಿಯ ಹೆಸರಲ್ಲಿ, ತಾಯಿಯ ಹೆಸರಲ್ಲಿ ಹಾಕುತ್ತಿದ್ದರು. ಶೇರು ಸಿಕ್ಕರೆ, ಅದು ಶೇರುಪೇಟೆಗೆ ಬಂದ ದಿನವೇ ಮಾರುವುದು. ಚಂಪಾ ಸರ್ವೋತ್ತಮ ಸುವರ್ಣ ಎಂಬ ಹೂಡಿಕೆದಾರಳಿಗೆ ಆರು ಸಲ ಅದೃಷ್ಟ ಖುಲಾಯಿಸಿತ್ತು. ಆರು ಸಲವೂ ಆಕೆ ಸರಿಯಾದ ಹೊತ್ತಿಗೆ ಮಾರಿ ಹೊರಬಂದಿದ್ದಳು. ಖಾತೆ ಈಗ ಖಾಲಿ.

ಕೊನೆಯ ಮಾರಾಟ 2007ರ ದೀಪಾವಳಿಗೆ ಎಂಟು ದಿನ ಮೊದಲು. ಆ ದೀಪಾವಳಿಗೇ ಸರ್ವೋತ್ತಮ ಹಿಟ್ಟು ಅರೆಯುವ ಗ್ರೈಂಡರ್ ತಂದದ್ದು. ಬೋನಸ್ ಬಂತು ಎಂದಿದ್ದ. ಚಂಪಾ ಅದಕ್ಕೆ ಕುಂಕುಮ ಹಚ್ಚಿ, ಬಂದವರಿಗೆಲ್ಲ "ಇವರು ಬೋನಸ್ಸಿನಲ್ಲಿ ತಂದದ್ದು" ಎಂದು ತೋರಿಸಿದ್ದಳು. ಕಾಗದದ ಮೇಲಿನ ಯಾವಳೋ ಒಬ್ಬ ಚಂಪಾ ತನಗೆ ಗೊತ್ತಿಲ್ಲದೆ ದುಡಿದು ತನಗೊಂದು ಯಂತ್ರ ಕೊಡಿಸಿದ್ದಳು. ತಾನು ಧನ್ಯವಾದ ಹೇಳಿದ್ದು ಬೇರೆಯವರಿಗೆ.

ಕಾಗದಗಳ ಅಡಿಯಲ್ಲಿ ಅಶ್ಮಿತಾಳ ಮೂರನೇ ಕ್ಲಾಸಿನ ಮರಾಠಿ ನೋಟ್‌ಬುಕ್ ಇತ್ತು. ಅರ್ಧದ ತನಕ ಮಗುವಿನ ಅಕ್ಷರ. ಆಮೇಲೆ ಒಂಬತ್ತು ಪುಟ ಸಾಲಾಗಿ ಒಂದೇ ಹೆಸರು. ಚಂಪಾ, ಚಂಪಾ, ಚಂಪಾ. ಇಂಗ್ಲಿಷಿನಲ್ಲಿ, ಅವನ ಕೈಯಲ್ಲಿ. ಮೊದಲ ಪುಟದಲ್ಲಿ ಹೆಣ್ಣಿನ ಸಹಿ ಹೇಗಿರಬೇಕೆಂದು ತಡಕಾಡಿದ್ದ. ಒಂದು ಸಾಲು ಓರೆ, ಒಂದು ನೇರ, ಒಂದು ಕಡೆ ಬಾಲವಿಲ್ಲ. ಹೋಗುತ್ತ ಹೋಗುತ್ತ ಕೈ ಕುದುರಿತ್ತು. ಒಂಬತ್ತನೆಯ ಪುಟದಲ್ಲಿ ಎಲ್ಲವೂ ಒಂದೇ ಅಚ್ಚು.

ಬದುಕಿದ್ದಾಗ ಅವನು ಅವಳನ್ನು ಹೆಸರು ಹಿಡಿದು ಕರೆದವನಲ್ಲ. ತುಳುವಿನಲ್ಲಿ "ಇಂಚಿ ಬಲ" ಎನ್ನುತ್ತಿದ್ದ, ಈ ಕಡೆ ಬಾ ಎಂದು. ಬರಬರುತ್ತ "ಬಲ"ವೂ ಉದುರಿಹೋಗಿ "ಇಂಚಿ" ಎಂದಷ್ಟೇ ಉಳಿದಿತ್ತು. ಇಪ್ಪತ್ತೆರಡು ವರ್ಷ ಅವಳು 'ಈ ಕಡೆ' ಎಂಬ ಹೆಸರಿಗೆ ಓಗೊಟ್ಟಿದ್ದಳು. ಬಾಯಿಯಿಂದ ಒಮ್ಮೆಯೂ ಬಾರದ ಹೆಸರನ್ನು ಅವನು ಇನ್ನೂರು ಮುನ್ನೂರು ಸಲ ಬರೆದಿದ್ದಾನೆ. ದೇವರ ನಾಮ ಬರೆಯುವವರ ಹಾಗೆ.

ನಾಲ್ಕನೆಯ ಪುಟದಲ್ಲಿ ಚಹಾ ಲೋಟದ ತಳದ ಕಂದು ಉಂಗುರವಿತ್ತು. ಆ ಲೋಟ ತಂದಿಟ್ಟವಳು ತಾನೇ. ಬೇರೆ ಯಾರು ತಂದಿಡುತ್ತಾರೆ? ಅವನು ಹಾಲ್‌ನ ಸೋಫಾದಲ್ಲಿ ಕೂತು ಬರೆಯುತ್ತಿದ್ದಾಗ ಕರೆದಿದ್ದಾನೆ, ತಾನು ಒದ್ದೆ ಕೈಯನ್ನು ಸೆರಗಿಗೆ ಒರೆಸುತ್ತ ಬಂದಿದ್ದಾಳೆ, ತನ್ನದೇ ಹೆಸರಿನ ಮೇಲೆ ಲೋಟ ಇಟ್ಟು ಹೋಗಿದ್ದಾಳೆ. ಬಗ್ಗಿ ನೋಡುವಷ್ಟು ಪುರಸೊತ್ತಿರಲಿಲ್ಲ.

ಸಂಜೆ ಅಶ್ಮಿತಾ ಬಂದಾಗ ಚಂಪಾ ನೋಟ್‌ಬುಕ್ ತೋರಿಸಿದಳು.

"ಒಳ್ಳೇದೇ ಆಯ್ತು" ಎಂದಳು ಮಗಳು. "ಇದನ್ನು ನೋಡಿ ಪ್ರ್ಯಾಕ್ಟೀಸ್ ಮಾಡು. ಹಾಗೇ ಸೈನ್ ಮಾಡಿ ಕಳಿಸುವಾ. ಸಬ್ ಐಸಾ ಹೀ ಕರ್ತೇ ಹೈ."

"ನಾನು ನನ್ನ ಕಳ್ಳ ಸಹಿ ಹಾಕ್ಬೇಕಾ?"

"ಅಮ್ಮಾ. ಕಾರ್ಡ್ ಪ್ರಕಾರ ಅದೇ ಅಸಲಿ."

ಬೇರೆ ದಾರಿ ಕಾಣಲಿಲ್ಲ. ಪ್ರತಿ ಮಧ್ಯಾಹ್ನ ಚಂಪಾ ಹತ್ತನೆಯ ಪುಟ ತೆರೆದು, ಅವನು ನಿಲ್ಲಿಸಿದಲ್ಲಿಂದ ಮುಂದುವರಿಸಿದಳು. ಮೊದಲ ದಿನ ಕುಡುಗೋಲು ಬಾಗಲಿಲ್ಲ. ಎರಡನೆಯ ದಿನ ಬಾಲ ತಿರುಗಲಿಲ್ಲ. ಮೂರನೆಯ ದಿನ, ಹೆಬ್ಬೆರಳನ್ನು ಸ್ವಲ್ಪ ಮಡಚಿ ಪೆನ್ನು ಹಿಡಿದರೆ ಎಲ್ಲವೂ ಸುಲಭವೆಂದು ತಿಳಿಯಿತು. ಸರ್ವೋತ್ತಮ ಪೆನ್ನು ಹಿಡಿಯುತ್ತಿದ್ದದ್ದೇ ಹಾಗೆ. ನಾಲ್ಕನೆಯ ದಿನ ಅವಳು ಏನೂ ಮಾಡಬೇಕಾಗಲಿಲ್ಲ. ಪೆನ್ನು ಇಟ್ಟರೆ ಸಾಕು, ಕೈ ತಾನಾಗಿ ಓಡಿತು. ಅವನ ಸಾಲು ಎಲ್ಲಿ ಮುಗಿಯಿತು, ತನ್ನದು ಎಲ್ಲಿ ಶುರುವಾಯಿತು ಎಂದು ಬೆರಳಿಟ್ಟು ಹುಡುಕಬೇಕಾಯಿತು.

ಆ ದಿನವೇ ಗ್ಯಾಸಿನವನು ಬಂದದ್ದು. ಚೀಟಿ ಚಾಚಿದ, ಚಂಪಾ ಎಂದಿನಂತೆ ಸಹಿ ಮಾಡಿ ಕೊಟ್ಟಳು. ಅವನು ಖಾಲಿ ಸಿಲಿಂಡರು ಹೊತ್ತು ಎರಡು ಮೆಟ್ಟಿಲು ಇಳಿದ ಮೇಲೆ ಅವಳು ಬಾಗಿಲಿಗೆ ಓಡಿಬಂದಳು.

"ಭೈಯಾ, ರುಕೋ. ಚೀಟಿ ದಿಖಾಓ."

ಚೀಟಿಯ ಮೇಲೆ ಕುಡುಗೋಲಿತ್ತು. ಬಾಲವಿತ್ತು.

"ಕ್ಯಾ ಹುವಾ ಆಂಟಿ, ಗಲತ್ ಹೈ?"

"ಇಲ್ಲ" ಎಂದಳು ಚಂಪಾ ಕನ್ನಡದಲ್ಲೇ. ಬಾಗಿಲು ಹಾಕಿ, ಬಲಗೈಯನ್ನು ನಲ್ಲಿಯ ಕೆಳಗೆ ಹಿಡಿದು ಬಹಳ ಹೊತ್ತು ನಿಂತಳು.

ಅಶ್ಮಿತಾಗೆ ಹೇಳಿದ್ದು ಇಷ್ಟೇ. "ನಾನು ಪ್ಯಾನ್ ಕಾರ್ಡ್ ಬದಲು ಮಾಡಿಸ್ತೇನೆ. ನನ್ನ ಸಹಿ ಹಾಕಿ."

"ಮತ್ತೆ ಒಂದು ತಿಂಗಳು ಬರ್ಬಾದ್. ಪಪ್ಪ ಏನು ಖರಾಬ್ ಮಾಡಿದ್ರು? ಸಬ್ ಘರ್ ಕೇ ಲಿಯೇ ಥಾ. ಕೇಳಿದ್ರೂ ನೀನು ಸೈನ್ ಮಾಡ್ತಿದ್ದಿ."

"ಮಾಡ್ತಿದ್ದೆ. ಕೇಳಿದ್ರೆ ಮಾಡ್ತಿದ್ದೆ, ಮಾರಾಯ್ತಿ. ಕೇಳ್ಬೇಕು ಅಂತ ಅವರಿಗೆ ಕಾಣ್ಲೇ ಇಲ್ಲ. ಒಂಬತ್ತು ಪುಟ ಬರೆಯುವುದು ಅದಕ್ಕಿಂತ ಸಸಾರ ಆಯ್ತು."

ಡೊಂಬಿವಲಿ ಸ್ಟೇಷನ್ನಿನ ಹೊರಗೆ ಝೆರಾಕ್ಸ್ ಅಂಗಡಿ ಇಟ್ಟಿರುವ ಹುಲಗಪ್ಪ ಪ್ಯಾನ್ ಅರ್ಜಿಗಳನ್ನೂ ತುಂಬಿಕೊಡುತ್ತಾನೆ. ಕೊಪ್ಪಳದ ಕಡೆಯವನು. ಅರ್ಜಿಯ ಚೌಕದೊಳಗೆ ಚಂಪಾ ಸಹಿ ಮಾಡಿದ್ದನ್ನು ತಿರುಗಿಸಿ ನೋಡಿದ.

"ಕನ್ನಡದಾಗ ಮಾಡಿರೇನ್ರಿ ಅಕ್ಕಾರ?"

"ನಡೆಯುವುದಿಲ್ವಾ?"

"ಯಾಕ್ ನಡಿಯಂಗಿಲ್ರಿ, ನಡೀತೈತಿ. ಸರ್ಕಾರಕ್ಕ ಅಕ್ಷರ ತಿಳಿಯಂಗಿಲ್ಲ, ಡಬ್ಬಿ ಅಷ್ಟ ತಿಳೀತೈತಿ. ಡಬ್ಬಿ ದಾಟಬಾರ್ದು ಅಷ್ಟ. ನಿಮ್ಮ ಸಹಿ ಸಣ್ಣದೈತಿ, ಆರಾಮ ಕೂತೈತಿ."

ಅಲ್ಲಿ ಸಹಿ ಸರಿಯಾಗಿ ಬಂದಿತ್ತು. ಮೂರು ವಾರದ ಬಳಿಕ ಬಂದ ಹೊಸ ಕಾರ್ಡಿನಲ್ಲೂ ಎರಡು ಅಕ್ಷರ, ಒಂದು ಸೊನ್ನೆ ಇದ್ದವು. ಆ ಮೂರು ವಾರ ಅವಳು ನೋಟ್‌ಬುಕ್ ಮುಟ್ಟಲಿಲ್ಲ. ಎಲ್ಲ ಕಾಗದವನ್ನೂ ಆ್ಯಪಿಗೆ ಹೊಸದಾಗಿ ಏರಿಸಿದಳು. ಕೊನೆಯದಾಗಿ ವಿಡಿಯೋ ಕರೆಯಲ್ಲಿ ಮುಖ ತೋರಿಸಿ, ಅವರು ನೋಡುತ್ತಿರುವಾಗಲೇ ಸಹಿ ಮಾಡಬೇಕಿತ್ತು.

ಕರೆ ಬಂದಾಗ ಅಶ್ಮಿತಾ ಕೆಲಸಕ್ಕೆ ಹೋಗಿದ್ದಳು. ಹಾಲ್‌ನ ಕುರ್ಚಿಯಲ್ಲಿ ನೆಟ್ಟಗೆ ಕೂತ ಚಂಪಾಳಿಗೆ ಮುರಾರಿಯ ದನಿ ಕೇಳಿತು.

"ಮೇಡಮ್, ದೋ ಫೇಸ್ ಆ ರಹೇ ಹೈ. ಪೀಛೇ ಕೌನ್ ಹೈ?"

ಅವಳು ಬೆಚ್ಚಿ ತಿರುಗಿದಳು. ಗೋಡೆಯ ಮೇಲೆ ಗಂಧದ ಹಾರ ಹಾಕಿದ ಸರ್ವೋತ್ತಮನ ಫೋಟೋ. ತನ್ನ ಹೆಗಲ ಮೇಲಿನಿಂದ ಫೋನನ್ನೇ ನೋಡುತ್ತಿದ್ದ.

"ಮೇರಾ ಘರ್‌ವಾಲಾ ಹೈ."

"ಸರ್ ಕೋ ಬೋಲಿಯೇ ಥೋಡಾ ಹಟ್ ಜಾಯೇ."

"ಓ ನಹೀ ಹಟ್ತಾ" ಎಂದಳು ಚಂಪಾ.

ಅವನು ಸರಿಯುವುದಿಲ್ಲವೆಂದು ತಾನೇ ಒಳಕೋಣೆಗೆ ಹೋದಳು. ಅಲ್ಲಿ ಕಪಾಟಿನ ಬಾಗಿಲಲ್ಲಿ ಮದುವೆಯ ಚಿತ್ರ. ಇನ್ನೊಂದು ಗೋಡೆಗೆ ಬೆಳಕಿಲ್ಲ. ಫೋನು ಹಿಡಿದು ಮನೆಯೆಲ್ಲ ತಿರುಗಿ ಕೊನೆಗೆ ಅಡುಗೆಮನೆಗೆ ಬಂದು ಕಟ್ಟೆಗೆ ಬೆನ್ನು ಕೊಟ್ಟು ನಿಂತಳು. ಮುರಾರಿ, "ಅಬ್ ಬರಾಬರ್ ಹೈ, ಅಕೇಲೇ ಆಪ್ ಹೀ ಹೋ" ಎಂದ. ಇಡೀ ಮನೆಯಲ್ಲಿ ಸರ್ವೋತ್ತಮನಿಲ್ಲದ ಜಾಗ ಇದೊಂದೇ. ಹೊಸ್ತಿಲಲ್ಲಿ ನಿಂತು ಮಾತಾಡಿದ್ದಿತ್ತು. ಒಳಗೆ ಕಾಲಿಟ್ಟದ್ದು ಅವಳಿಗೆ ನೆನಪಿಲ್ಲ.

ಫೋನನ್ನು ಡಬ್ಬಕ್ಕೆ ಒರಗಿಸಿ, ಹಾಳೆ ಇಟ್ಟು, ಪೆನ್ನು ಊರಿದಳು. ಕೈ ಸರ್ರನೆ ಓಡಿತು. ಹಾಳೆಯ ಮೇಲೆ ಕುಡುಗೋಲು ಮೂಡಿದ ಮೇಲೆಯೇ ಅವಳು ಅದನ್ನು ಕಂಡದ್ದು.

"ಮೇಡಮ್?"

"ದೂಸ್ರಾ ಕಾಗದ್ ಲೇತೀ ಹೂಂ."

ಎರಡನೆಯ ಹಾಳೆ ಇಟ್ಟಳು. ಎಡಗೈಯಿಂದ ಬಲಗೈಯ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡಳು, ಅಕ್ಷರ ತಿದ್ದಿಸುವಾಗ ಮಗುವಿನ ಕೈ ಹಿಡಿಯುವ ಹಾಗೆ. ಹಿಡಿತದೊಳಗಿನ ಬಲಗೈ ಎಳೆಯಿತು. ಬಿಡಲಿಲ್ಲ. 'ಚ'ದ ತಲೆಕಟ್ಟು. ಅದರ ಹೊಟ್ಟೆ. ಸೊನ್ನೆ. 'ಪ'. ಅದರ ದೀರ್ಘ. ಒಂದು ಹೆಸರು ಬರೆಯಲು ಇಷ್ಟು ಹೊತ್ತು ಹಿಡಿಯುತ್ತದೆಂದು ಮುರಾರಿಗೂ ಗೊತ್ತಿರಲಿಲ್ಲ, ಪಾಪ, ಕಾದ.

"ಮ್ಯಾಚ್ ಹೈ. ಹೋ ಗಯಾ, ಮೇಡಮ್."

ಖಾತೆ ಎರಡು ದಿನದಲ್ಲಿ ತೆರೆಯಿತು. ಈಗ ಪ್ರತಿ ತಿಂಗಳ ಆರನೆಯ ತಾರೀಕು, ಕೊನೆಯ ಮನೆಯ ಹಿಟ್ಟು ಕಳಿಸಿ ಪಾತ್ರೆ ಕವುಚಿದ ಮೇಲೆ, ಚಂಪಾ ಕಟ್ಟೆಗೆ ಒರಗಿ ನಿಂತು ತನ್ನ ಎರಡು ಸಾವಿರವನ್ನು ಹಾಕುತ್ತಾಳೆ. ಏನು ಕೊಳ್ಳಬೇಕೆಂದು ಹಿಂದಿನ ದಿನವೇ ಮಗಳ ಜೊತೆ ವಾದಿಸಿ ತೀರ್ಮಾನಿಸಿರುತ್ತಾಳೆ. ಸೋಫಾದಲ್ಲಿ ಕೂತು ಮಾಡಬಾರದಾ ಎಂದು ಅಶ್ಮಿತಾ ಕೇಳಿದರೆ, ಇಲ್ಲಿ ನೆಟ್‌ವರ್ಕ್ ಚೆನ್ನಾಗಿ ಬರುತ್ತದೆ ಎನ್ನುತ್ತಾಳೆ.

ಆ್ಯಪಿಗೆ ಸಹಿ ಬೇಡ, ನಾಲ್ಕಂಕಿಯ ಪಿನ್ ಸಾಕು. ಆದರೆ ಬೇರೆ ಎಲ್ಲಾದರೂ, ಬ್ಯಾಂಕಿನಲ್ಲೋ ಸೊಸೈಟಿಯ ಸಭೆಯಲ್ಲೋ ಸಹಿ ಮಾಡಬೇಕಾಗಿ ಬಂದರೆ ಅವಳು ಪೆನ್ನನ್ನು ಹಾಳೆಯಿಂದ ಒಂದು ಗೇಣು ಮೇಲೆ ಹಿಡಿದು ನಿಲ್ಲುತ್ತಾಳೆ. ಕಣ್ಣು ಮಂಜಾಗಿರಬೇಕೆಂದು ಎದುರಿನವರು ಬೆರಳಿಟ್ಟು ಜಾಗ ತೋರಿಸುತ್ತಾರೆ. ಅವಳ ಕೈ ಗಾಳಿಯಲ್ಲಿ ಒಮ್ಮೆ ಬಾಗಿ, ಓಡಿ, ಹಿಂದಕ್ಕೆ ಗೆರೆ ಎಳೆಯುತ್ತದೆ. ಅದು ಮುಗಿಯುವ ತನಕ ಚಂಪಾ ಕಾಯುತ್ತಾಳೆ. ಆಮೇಲೆ ಪೆನ್ನು ಕೆಳಗಿಳಿಸಿ ತನ್ನದನ್ನು ಬರೆಯುತ್ತಾಳೆ.